ಬಟ್ಟೆಯ ಮನೆಗೆ ಕಿಟಕಿಯ ತಂಪುಯಂತ್ರ

ನಮ್ಮ ಹಿರಿಯರು ಕಮಾನು ಕಟ್ಟಿದ ಗಾಡಿಯಲ್ಲಿ ಜಾತ್ರೆಗೆ ಹೋಗಿ, ತೋಪಿನ ನೆರಳಿನಲ್ಲಿ ಎತ್ತು ಬಿಚ್ಚಿ, ಗಾಡಿಯ ಮಗ್ಗುಲಲ್ಲೇ ಅಡಿಗೆ ಮಾಡಿ ಉಂಡು, ಅದರೊಳಗೇ ಮಲಗುತ್ತಿದ್ದರೆಂದು ಕೇಳಿದ್ದೇವೆ. ಅಮೆರಿಕದವರಿಗೂ ಅಂಥದೊಂದು ಗಾಡಿಯುಂಟು. ಅದಕ್ಕೆ ‘ಪಾಪ್-ಅಪ್ ಕ್ಯಾಂಪರ್’ ಎಂದು ಹೆಸರು. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವಾಗ ಅದು ಬರಿಯ ಒಂದು ಗಿಡ್ಡ ಪೆಟ್ಟಿಗೆ. ಬೀಡುಬಿಟ್ಟ ಮೇಲೆ ಹಿಡಿಕೆಯನ್ನು ತಿರುಗಿಸಿದರೆ ಚಾವಣಿ ಮೇಲೇಳುತ್ತದೆ. ಎರಡು ತುದಿಗಳಿಂದ ಮಂಚಗಳು ಮೇಜಿನ ಖಾನೆಗಳಂತೆ ಹೊರಕ್ಕೆ ಜಾರುತ್ತವೆ. ಸುತ್ತಲೂ ಕ್ಯಾನ್ವಾಸ್ ಬಟ್ಟೆಯೇ ಗೋಡೆ.

ಇಂಥ ಬಟ್ಟೆಯ ಮನೆಗೆ, ಕಿಟಕಿಯಲ್ಲಿ ಕೂರಿಸುವ ಏರ್ ಕಂಡಿಷನರನ್ನು ನಾಲ್ಕು ದಿನದ ಮಟ್ಟಿಗೆ ಹೇಗೆ ಹೊಂದಿಸಬಹುದೆಂಬುದೇ ಈ ಲೇಖನದ ವಿಷಯ. ಕಲಾ ವಿದ್ಯಾರ್ಥಿಗೇಕೆ ಯಂತ್ರದ ಗೊಡವೆ ಎಂದು ನಮ್ಮ ಅಧ್ಯಾಪಕರು ನಗಬಹುದು. ಕಾರಣವಿದೆ. ಟೆಕ್ಸಾಸ್ ಸಂಸ್ಥಾನದ ಆಸ್ಟಿನ್ ನಗರದಲ್ಲಿರುವ ನನ್ನ ಭಾವನವರು 2023ರ ಆಗಸ್ಟಿನಲ್ಲಿ ಹಳೆಯದೊಂದು ಕ್ಯಾಂಪರನ್ನು ಕೊಂಡು, ಅಕ್ಕನನ್ನೂ, ಅವಳ ಬಾಣಂತನಕ್ಕೆಂದು ಹೋಗಿದ್ದ ನಮ್ಮ ತಾಯಿಯವರನ್ನೂ, ನಾಲ್ಕು ತಿಂಗಳ ಕೂಸನ್ನೂ ಇಂಕ್ಸ್ ಲೇಕ್ ಎಂಬ ಸರೋವರದ ದಡಕ್ಕೆ ಕರೆದೊಯ್ದರು. ಆ ಬೇಸಗೆಯಲ್ಲಿ ಆಸ್ಟಿನ್ನಿನ ಉಷ್ಣತೆ ಸತತವಾಗಿ 45 ದಿನ ನೂರು ಡಿಗ್ರಿ ಫ್ಯಾರನ್‌ಹೀಟನ್ನು ಮುಟ್ಟಿತ್ತು. ಅಂಥ ದಿನಗಳಲ್ಲಿ ಎಳೆಗೂಸನ್ನು ಡೇರೆಗೆ ಒಯ್ದ ಭಾವನವರ ಧೈರ್ಯವನ್ನು ನಾನಂತೂ ಮೆಚ್ಚಲಾರೆ. ಯಂತ್ರವಿದೆಯಲ್ಲಾ ಎಂಬುದೇ ಅವರ ನಂಬಿಕೆ.

ಯಂತ್ರವಿತ್ತು, ನಿಜ. ಆದರೆ ಅದು ತಂಪನ್ನು ತಯಾರಿಸುತ್ತದೆಂದು ನಾವೆಲ್ಲ ತಿಳಿದಿರುವುದು ತಪ್ಪು. ಒಳಗಿನ ಉಷ್ಣವನ್ನು ಹೊತ್ತು ಹೊರಗೆ ಚೆಲ್ಲುವುದಷ್ಟೇ ಅದರ ಕೆಲಸ. ಮುಂದಿನ ಕೊಳವೆಗಳಲ್ಲಿ ಒಂದು ದ್ರವ ಆವಿಯಾಗುತ್ತ ಕೋಣೆಯ ಉಷ್ಣವನ್ನು ಹೀರುತ್ತದೆ. ಕಂಪ್ರೆಸರು ಆ ಆವಿಯನ್ನು ಒತ್ತಿ ಹಿಂದಿನ ಕೊಳವೆಗಳಿಗೆ ನೂಕುತ್ತದೆ. ಅಲ್ಲಿ ಅದು ಉಷ್ಣವನ್ನು ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಜೊತೆಗೆ ಗಾಳಿಯ ತೇವವೂ ಮುಂದಿನ ಕೊಳವೆಗಳ ಮೇಲೆ ನೀರಾಗಿ ಇಳಿಯುತ್ತದೆ. 1902ರಲ್ಲಿ ವಿಲಿಸ್ ಕ್ಯಾರಿಯರ್ ಎಂಬಾತ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕಾಗಿ ಇಂಥ ಏರ್ಪಾಟನ್ನು ಯೋಜಿಸಿದ್ದು ಈ ತೇವದ ಕಾರಣದಿಂದಲೇ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಬಣ್ಣದಚ್ಚು ಕೆಡುತ್ತಿತ್ತು. ಮನುಷ್ಯನ ಸುಖದ ಸರದಿ ಆಮೇಲೆ ಬಂದಿತು.

ಗಂಟೆಗೆ 5,000 ಬಿ.ಟಿ.ಯು. ಸಾಮರ್ಥ್ಯದ ಚಿಕ್ಕ ಯಂತ್ರವು ಸುಮಾರು 1,465 ವ್ಯಾಟಿನಷ್ಟು ಉಷ್ಣವನ್ನು ಒಳಗಿನಿಂದ ಎತ್ತುತ್ತದೆ. ತಾನು ಉಣ್ಣುವ ವಿದ್ಯುತ್ತು ಸುಮಾರು 450 ವ್ಯಾಟು. ಎರಡೂ ಸೇರಿ 1,915 ವ್ಯಾಟು ಬೆನ್ನಿನಿಂದ ಹೊರಬೀಳಬೇಕು. ಇಡೀ ಯಂತ್ರವನ್ನು ಡೇರೆಯೊಳಗೇ ಇಟ್ಟರೆ, ಎತ್ತಿದ ಉಷ್ಣವೆಲ್ಲ ಒಳಗೇ ಮರಳಿ ಬಿದ್ದು, ನಾವು 450 ವ್ಯಾಟಿನ ಒಲೆಯೊಂದನ್ನು ಹೊತ್ತಿಸಿ ಕುಳಿತಂತಾಗುತ್ತದೆ.

ಭಾವನವರು ಅಷ್ಟು ದೊಡ್ಡ ತಪ್ಪು ಮಾಡಲಿಲ್ಲ. ಬೆನ್ನನ್ನು ಹೊರಗಿಟ್ಟರು. ಆದರೆ ಬಿಸಿಗಾಳಿ ನುಸುಳದಿರಲೆಂದು ಯಂತ್ರದ ಮೈಗೆಲ್ಲ ಕ್ಯಾನ್ವಾಸನ್ನು ಬಿಗಿದು ಸುತ್ತಿದರು. ಕಿಟಕಿ ಯಂತ್ರವು ಹಿಂಭಾಗಕ್ಕೆ ಬೇಕಾದ ಗಾಳಿಯನ್ನು ಪಕ್ಕದ ಸೀಳುಗಳಿಂದ ಎಳೆದುಕೊಳ್ಳುತ್ತದೆ. ಆ ಸೀಳುಗಳೇ ಮುಚ್ಚಿಹೋದವು. ಅರ್ಧ ಗಂಟೆಯಲ್ಲಿ ಯಂತ್ರ ಏದುಸಿರುಬಿಟ್ಟು ನಿಂತಿತು. ಆ ರಾತ್ರಿ ತಾಯಿಯವರು ಬೆಳಗಿನ ಜಾವದವರೆಗೆ ಒದ್ದೆ ಬಟ್ಟೆಯಿಂದ ಕೂಸಿನ ಮೈ ಒರೆಸುತ್ತ ಕುಳಿತಿದ್ದರು.

ಸರಿಯಾದ ಕ್ರಮ ಮರುದಿನ ಹೊಳೆಯಿತು. ಚಾವಣಿಯ ಮೇಲೆ ಕೂರಿಸುವ ಯಂತ್ರಗಳೂ ಉಂಟು. ಆದರೆ ಅವು ಸುಮಾರು 45 ಕಿಲೋಗ್ರಾಂ ತೂಗುತ್ತವೆ, ಹಳೆಯ ಕ್ಯಾಂಪರಿನ ತೆಳು ಚಾವಣಿ ಅದನ್ನು ತಾಳುವ ಭರವಸೆಯಿಲ್ಲ. ಕಿಟಕಿಯ ಯಂತ್ರ 20 ಕಿಲೋಗ್ರಾಮಿನ ಆಸುಪಾಸು. ಹಾಸಿಗೆಯನ್ನು ಸರಿಸಿ, ಹೊರಚಾಚಿದ ಮಂಚದ ತುದಿಯಲ್ಲಿ ಪ್ಲೈವುಡ್ ಹಲಗೆಯನ್ನು ಹಾಕಿ, ಅದರ ಮೇಲೆ ಯಂತ್ರವನ್ನಿಟ್ಟು ಪಟ್ಟಿಯಿಂದ ಬಿಗಿಯಬೇಕು. ಕ್ಯಾನ್ವಾಸನ್ನು ಕತ್ತರಿಸುವ ಅಗತ್ಯವಿಲ್ಲ. ಅದರ ಅಂಚನ್ನು ಸಡಿಲಿಸಿ, ಸೀಳುಗಳಿಗಿಂತ ಮುಂದಕ್ಕೆ, ಯಂತ್ರದ ಕತ್ತಿನ ಸುತ್ತ ರಬ್ಬರ್ ಹಗ್ಗದಿಂದ ಕಟ್ಟಿದರೆ ಮುಖ ಒಳಗೆ, ಮೈ ಹೊರಗೆ. ಉಳಿದ ಸಂದುಗಳಿಗೆ ಫೋಮ್ ತುಂಡುಗಳನ್ನು ತುರುಕಬೇಕು. ನೀರು ಒಳಕ್ಕೆ ಹರಿಯದಂತೆ ಬೆನ್ನನ್ನು ಒಂದಿಷ್ಟೇ ತಗ್ಗಿಸಬೇಕು. ಕೆಲವು ಯಂತ್ರಗಳಲ್ಲಿ ಫ್ಯಾನು ಆ ನೀರನ್ನೇ ಎತ್ತಿ ಬಿಸಿ ಕೊಳವೆಗಳ ಮೇಲೆ ಎರಚಿ ತಣಿಸುವುದರಿಂದ, ಎಷ್ಟು ತಗ್ಗಿಸಬೇಕೆಂದು ತಯಾರಕರ ಪುಸ್ತಿಕೆಯಲ್ಲಿ ನೋಡಿಕೊಳ್ಳುವುದು ಲೇಸು.

ಇಷ್ಟು ಮಾಡಿದರೂ ಬಟ್ಟೆಯ ಗೋಡೆ ಬಟ್ಟೆಯ ಗೋಡೆಯೇ. ಭೌತಶಾಸ್ತ್ರ ಓದುವ ಗೆಳೆಯನೊಬ್ಬನನ್ನು ಕೂರಿಸಿಕೊಂಡು ನಾನೊಂದು ಲೆಕ್ಕ ಹಾಕಿದೆ. ಒಂದೇ ಪದರದ ಬಟ್ಟೆಯ ಪ್ರತಿ ಚದರ ಮೀಟರಿನ ಮೂಲಕ, ಒಳಗೂ ಹೊರಗೂ ಒಂದು ಡಿಗ್ರಿ ಸೆಂಟಿಗ್ರೇಡ್ ಅಂತರವಿದ್ದರೆ, ಸುಮಾರು 6 ವ್ಯಾಟು ಉಷ್ಣ ನುಗ್ಗುತ್ತದೆ. ಬಟ್ಟೆ 20 ಚದರ ಮೀಟರೆಂದೂ, ನಮಗೆ ಬೇಕಾದ ಅಂತರ 8 ಡಿಗ್ರಿಯೆಂದೂ ಇಟ್ಟುಕೊಂಡರೆ 960 ವ್ಯಾಟು. ಮಲಗಿದ ಮೂವರು ದೊಡ್ಡವರೂ ಕೂಸೂ ಸೇರಿ ಸುಮಾರು 250. ಒಟ್ಟು 1,210. ಮಿಕ್ಕ 255 ವ್ಯಾಟಿನಲ್ಲಿ ಗಾಳಿಯ ತೇವವನ್ನು ಇಳಿಸಬೇಕು, ಸಂದುಗಳ ಬಿಸಿಗಾಳಿಯನ್ನು ಎದುರಿಸಬೇಕು. ರಾತ್ರಿಯಾದರೆ ಅಂತೂ ಸಾಗೀತು. ಹಗಲಿನಲ್ಲಿ ನೇರ ಬಿಸಿಲು ಚದರ ಮೀಟರಿಗೆ ಸಾವಿರ ವ್ಯಾಟಿನವರೆಗೆ ಸುರಿಯುವಾಗ ಈ ಬಡ ಯಂತ್ರ ಏನು ತಾನೆ ಮಾಡೀತು? ಆದ್ದರಿಂದಲೇ ತಿಳಿದವರು ಮರದ ನೆರಳನ್ನು ಹುಡುಕುತ್ತಾರೆ. ಮಂಚಗಳ ಮೇಲಿನ ಬಟ್ಟೆಗೆ ಬಿಸಿಲನ್ನು ಹಿಂದಿರುಗಿಸುವ ಹೊಳಪು ಹಾಳೆ ಹೊದಿಸುತ್ತಾರೆ.

ಎರಡನೆಯ ಸಂಜೆ ಯಂತ್ರ ಚೆನ್ನಾಗಿ ನಡೆಯಿತು. ಅಪಾಯ ಬೇರೊಂದು ದಾರಿಯಿಂದ ಬಂದಿತು. ಬೀಡಿನ ವಿದ್ಯುತ್ ಕಂಬದಿಂದ ಭಾವನವರು ತಂದದ್ದು ಮನೆಯಲ್ಲಿ ದೀಪಕ್ಕೆ ಬಳಸುತ್ತಿದ್ದ ತೆಳು ತಂತಿ. ಹೆಚ್ಚಾದ ಉದ್ದವನ್ನು ಸುರುಳಿ ಸುತ್ತಿ ಹಾಸಿಗೆಯಡಿಗೆ ತಳ್ಳಿದ್ದರು. ಯಂತ್ರ ಸೆಳೆಯುತ್ತಿದ್ದುದು ಸುಮಾರು 4 ಆಂಪಿಯರ್. ಅದೇ ತಂತಿಗೆ ಅಕ್ಕ ಅನ್ನದ ಕುಕ್ಕರನ್ನೂ ಸೇರಿಸಲು ಅದು 10ರ ಹತ್ತಿರಕ್ಕೆ ಹೋಯಿತು. ತಂತಿಯ ಬಿಸಿ ವಿದ್ಯುತ್ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುತ್ತದೆಂಬುದು ಜೂಲನ ನಿಯಮ. ಎರಡೂವರೆ ಪಟ್ಟು ಪ್ರವಾಹವೆಂದರೆ ಆರು ಪಟ್ಟಿಗಿಂತ ಹೆಚ್ಚು ಬಿಸಿ. ಕಂಬದಲ್ಲಿದ್ದ 20 ಆಂಪಿಯರಿನ ಬ್ರೇಕರು 10 ಆಂಪಿಯರಿಗೆ ಕದಲುವುದೇ ಇಲ್ಲ; ತೆಳು ತಂತಿಯ ಕಷ್ಟ ಅದಕ್ಕೆ ತಿಳಿಯದು. ಸುಟ್ಟ ವಾಸನೆ ಮೊದಲು ತಿಳಿದದ್ದು ತಾಯಿಯವರಿಗೆ. ಅನ್ನ ಸೀದಿರಬೇಕೆಂದುಕೊಂಡು ಅವರು ಕುಕ್ಕರನ್ನು ನೋಡಿದರು. ಅಲ್ಲ. ಕೂಸು ಮಲಗಿದ್ದ ಹಾಸಿಗೆಯನ್ನೆತ್ತಿದರೆ ತಂತಿಯ ಹೊದಿಕೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು.

ಮರುದಿನ ಭಾವನವರು 12 ಗೇಜಿನ ದಪ್ಪ ತಂತಿಯನ್ನು ಕೊಂಡು ತಂದರು. ಅಲ್ಲಿಯ ಅಳತೆಯಲ್ಲಿ ಅಂಕಿ ಸಣ್ಣದಾದಷ್ಟೂ ತಂತಿ ದಪ್ಪ. ಅದನ್ನು ಸುರುಳಿ ಬಿಡಿಸಿ, ಹಾಸಿಗೆಯಿಂದ ದೂರವಾಗಿ ಹೊರಗೆ ಹಾಯಿಸಿದರು. ಕುಕ್ಕರಿಗೆ ಹೊರಗಿನ ಮೇಜಿನ ಮೇಲೆ ಬೇರೆ ತಂತಿಯಾಯಿತು. ಮರಳುವ ದಿನ ಚಾವಣಿ ಇಳಿಸುವ ಮುಂಚೆ ಯಂತ್ರವನ್ನು ಬಿಚ್ಚಿ, ಕಂಪ್ರೆಸರಿನ ಎಣ್ಣೆ ಸ್ಥಳ ಬಿಟ್ಟು ಹರಿಯದಂತೆ ಕಾರಿನಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಬಂದರು. ತಾಯಿಯವರು ಊರಿಗೆ ಬಂದ ಮೇಲೆ ಆ ಕರಗಿದ ತಂತಿಯ ತುಂಡನ್ನು ನನಗೆ ತೋರಿಸಿದರು. ಅದನ್ನು ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಇಟ್ಟುಕೊಂಡು ತಂದಿದ್ದರು.