ಯಾರ ಪೈಕಿಯೂ ಅಲ್ಲದ ಅತಿಥಿ

ಪ್ರಯಾಣಿಕರನ್ನು ಬಾಡಿಗೆ ಪಡೆಯದೆ ಮನೆಯಲ್ಲಿರಿಸಿಕೊಂಡು, ತಾವು ಪ್ರಯಾಣ ಹೊರಟಾಗ ಬೇರೆ ಊರಿನಲ್ಲಿ ಬೇರೊಬ್ಬರ ಮನೆಯಲ್ಲಿ ಅದೇ ಬಗೆಯಲ್ಲಿ ತಂಗುವ ಏರ್ಪಾಡಿಗೆ ಆತಿಥ್ಯ ವಿನಿಮಯ ಎಂದು ಹೆಸರು. ಇಲ್ಲಿ ವಿನಿಮಯವೆಂಬ ಮಾತಿಗೆ ಇಬ್ಬರ ನಡುವಣ ಲೇವಾದೇವಿ ಎಂಬ ಅರ್ಥವಿಲ್ಲ. ಹುಬ್ಬಳ್ಳಿಯ ಮನೆಯೊಂದರಲ್ಲಿ ಎರಡು ರಾತ್ರಿ ಉಳಿದ ಜರ್ಮನಿಯ ಪ್ರಯಾಣಿಕ ಆ ಋಣವನ್ನು ಹುಬ್ಬಳ್ಳಿಯವರಿಗೇ ತೀರಿಸಬೇಕೆಂದಿಲ್ಲ. ಮುಂದೊಮ್ಮೆ ತನ್ನ ಊರಿಗೆ ಬರುವ ಬ್ರೆಜಿಲಿನವನಿಗೊ ಜಪಾನಿನವಳಿಗೊ ಜಾಗ ಕೊಟ್ಟರೆ ಲೆಕ್ಕ ಮುಗಿಯುತ್ತದೆ. ಹೀಗೆ ಋಣವು ಮುಂದಿನವರಿಗೆ ದಾಟುತ್ತ ಹೋಗುವುದರಿಂದ ಗುರುತು ಪರಿಚಯವಿಲ್ಲದವರನ್ನು ನಂಬುವುದು ಹೇಗೆಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಈ ಏರ್ಪಾಡು ನಡೆಯುವಂತಿಲ್ಲ. ಕಳೆದ ಮುಕ್ಕಾಲು ಶತಮಾನದಲ್ಲಿ ಹುಟ್ಟಿದ ಆತಿಥ್ಯ ಸಮುದಾಯಗಳ ಚರಿತ್ರೆಯನ್ನು ಆ ಉತ್ತರಗಳ ಚರಿತ್ರೆಯೆಂದೇ ಓದಬಹುದು.

ಅತಿಥಿಸತ್ಕಾರವು ಗೃಹಸ್ಥನ ಐದು ಮಹಾಯಜ್ಞಗಳಲ್ಲಿ ಒಂದು. ಒಂದು ರಾತ್ರಿ ಮಾತ್ರ ತಂಗುವವನೇ ಅತಿಥಿ ಎಂದು ಮನುಸ್ಮೃತಿ ವಿವರಿಸುತ್ತದೆ. ಕರ್ನಾಟಕದಲ್ಲಿ ದಾರಿಹೋಕರ ಬಾಯಾರಿಕೆಗೆ ಅರವಟ್ಟಿಗೆ, ರಾತ್ರಿಯ ತಂಗುವಿಕೆಗೆ ಛತ್ರ, ಹಸಿವಿಗೆ ಮಠಗಳ ದಾಸೋಹ, ಓದುವ ಬಡ ಹುಡುಗರಿಗೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ ಸಿಗುವ ವಾರಾನ್ನ ಹೀಗೆ ಹಲವು ವ್ಯವಸ್ಥೆಗಳು ಬೆಳೆದುಬಂದವು. ಆದರೆ ಮನೆಯೊಳಕ್ಕೆ ಕರೆಯುವ ಮುನ್ನ ‘ಯಾವೂರು, ಯಾರ ಪೈಕಿ’ ಎಂದು ಕೇಳುವುದು ವಾಡಿಕೆಯಾಗಿತ್ತು. ಬಂದವನ ಕುಲ, ಮಠ, ನೆಂಟಸ್ತಿಕೆಗಳಲ್ಲಿ ಒಂದಾದರೂ ತಿಳಿದವರ ಜಾಡಿಗೆ ಸೇರಿದರೆ ಅದೇ ಅವನ ಜಾಮೀನು. ಜಗಲಿಯ ತನಕ ಯಾರು, ನಡುಮನೆಯ ತನಕ ಯಾರು ಎಂಬುದನ್ನು ತೀರ್ಮಾನಿಸುತ್ತಿದ್ದದ್ದೂ ಈ ಪ್ರಶ್ನೆಯೇ ಆದ್ದರಿಂದ ಎಷ್ಟೋ ಜನರಿಗೆ ಅದು ಬಾಗಿಲನ್ನು ಮುಚ್ಚಿಯೂ ಇತ್ತು.

ಈ ಪ್ರಶ್ನೆಗೆ ಕುಲವನ್ನೂ ರಾಷ್ಟ್ರವನ್ನೂ ಬಿಟ್ಟು ಉತ್ತರ ಹುಡುಕಿದ ಮೊದಲ ವ್ಯವಸ್ಥಿತ ಪ್ರಯತ್ನಗಳಲ್ಲಿ ಸರ್ವಾಸ್ ಮುಖ್ಯವಾದುದು. ಎರಡನೆಯ ಮಹಾಯುದ್ಧದಲ್ಲಿ ಆಯುಧ ಹಿಡಿಯಲೊಪ್ಪದೆ ಸೆರೆಮನೆ ಕಂಡಿದ್ದ ಅಮೆರಿಕದ ಬಾಬ್ ಲುಯಿಟ್‌ವೈಲರ್, 1949ರಲ್ಲಿ ಡೆನ್ಮಾರ್ಕಿನಲ್ಲಿ ಗೆಳೆಯರೊಡನೆ ‘ಪೀಸ್ ಬಿಲ್ಡರ್ಸ್’, ಎಂದರೆ ಶಾಂತಿ ಕಟ್ಟುವವರು, ಎಂಬ ಬಳಗವನ್ನು ಆರಂಭಿಸಿದರು. ಒಂದೇ ಮೇಜಿನ ಸುತ್ತ ಕುಳಿತು ಉಂಡ ಜನ ಒಬ್ಬರ ಮೇಲೊಬ್ಬರು ಸುಲಭವಾಗಿ ಯುದ್ಧಕ್ಕೆ ಹೋಗಲಾರರೆಂಬುದು ಆ ಬಳಗದ ನಂಬಿಕೆ. ಕೆಲವೇ ವರ್ಷಗಳಲ್ಲಿ ಅದು ಸರ್ವಾಸ್ ಎಂಬ ಹೆಸರು ತಳೆಯಿತು. ಅಂತರರಾಷ್ಟ್ರೀಯ ಬಳಕೆಗೆಂದೇ ರೂಪಿಸಿದ ಎಸ್ಪೆರಾಂಟೊ ಭಾಷೆಯಲ್ಲಿ ಈ ಪದಕ್ಕೆ ಸೇವೆ ಮಾಡುವುದು ಎಂಬ ಅರ್ಥವಿದೆ. ಪ್ರಯಾಣ ಹೊರಡುವ ಸದಸ್ಯರನ್ನು ಅವರ ದೇಶದ ಸ್ವಯಂಸೇವಕರೊಬ್ಬರು ಎದುರು ಕೂರಿಸಿಕೊಂಡು ಮಾತನಾಡಿಸಿ, ಉದ್ದೇಶವನ್ನು ಅರಿತ ಮೇಲೆ ಪರಿಚಯಪತ್ರವನ್ನು ಕೊಡುವುದು, ಆ ಪತ್ರ ಹಿಡಿದವರು ಅತಿಥೇಯರ ಪಟ್ಟಿಯಿಂದ ಮನೆಗಳನ್ನು ಆರಿಸಿ ಮೊದಲೇ ಬರೆದು ಒಪ್ಪಿಗೆ ಪಡೆಯುವುದು, ಸಾಮಾನ್ಯವಾಗಿ ಎರಡು ರಾತ್ರಿ ತಂಗುವುದು ಇದರ ಕ್ರಮ. ಮಲಗಲು ಜಾಗವಿಲ್ಲದವರೂ ಹಗಲಿನ ಅತಿಥೇಯರಾಗಿ ಊರು ತೋರಿಸುವುದಕ್ಕೊ ಜೊತೆಯಲ್ಲಿ ಊಟ ಮಾಡುವುದಕ್ಕೊ ಮುಂದೆ ಬರಬಹುದು.

ಸರ್ವಾಸ್ ಸಂದರ್ಶನವನ್ನು ಜಾಮೀನಾಗಿಸಿಕೊಂಡರೆ ಮುಂದೆ ಬಂದ ಸಮುದಾಯಗಳು ಬೇರೆ ಬೇರೆ ಗುರುತುಗಳನ್ನು ಆರಿಸಿಕೊಂಡವು. 1974ರಿಂದ ಪ್ರಕಟವಾಗುತ್ತ ಬಂದ ಪಾಸ್ಪೋರ್ಟಾ ಸರ್ವೊ ಎಂಬ ವಿಳಾಸ ಪುಸ್ತಕದಲ್ಲಿ ಎಸ್ಪೆರಾಂಟೊ ಬಲ್ಲ ಅತಿಥಿಗೆ ಎಸ್ಪೆರಾಂಟೊ ಬಲ್ಲವರ ಮನೆ ತೆರೆದಿರುತ್ತಿತ್ತು. ಯಾರ ತಾಯ್ನುಡಿಯೂ ಆಗಿ ಹುಟ್ಟದ ಭಾಷೆಯೊಂದನ್ನು ಶ್ರಮಪಟ್ಟು ಕಲಿತಿರುವುದೇ ಅಲ್ಲಿ ಸಾಕಾದ ಸಾಕ್ಷಿ. ಉತ್ತರ ಅಮೆರಿಕದಲ್ಲಿ 1993ರಲ್ಲಿ ಒಂದು ಪಟ್ಟಿಯಾಗಿ ಆರಂಭವಾದ ವಾರ್ಮ್ ಶವರ್ಸ್ ದೂರ ಪ್ರಯಾಣದ ಸೈಕಲ್ ಸವಾರರದು. ದಿನವಿಡೀ ಪೆಡಲ್ ತುಳಿದು ಬಂದವರಿಗೆ ಮೊದಲು ಬೇಕಾಗುವ ಬಿಸಿನೀರಿನ ಸ್ನಾನವನ್ನೇ ಅದು ಹೆಸರಾಗಿಸಿಕೊಂಡಿದೆ. ಅಲ್ಲಿ ಬಾಗಿಲಲ್ಲಿ ನಿಂತ ಸೈಕಲ್ಲೇ ಪರಿಚಯಪತ್ರ.

ಯಾವ ಸಂಸ್ಥೆಯ ಪಟ್ಟಿಯೂ ಇಲ್ಲದೆ ಅಪರಿಚಿತರ ಆತಿಥ್ಯವನ್ನೇ ನೆಚ್ಚಿದ ಪ್ರಯಾಣಕ್ಕೆ ಬೆಂಗಳೂರಿನ ನಂಟೂ ಉಂಟು. ಅಣ್ವಸ್ತ್ರ ವಿರೋಧಿ ಪ್ರತಿಭಟನೆಗಾಗಿ ವೃದ್ಧ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಸೆರೆಯಾದ ಸುದ್ದಿಯನ್ನು 1961ರಲ್ಲಿ ಇಲ್ಲಿನ ಕಾಫಿ ಹೋಟೆಲೊಂದರಲ್ಲಿ ಓದಿದ ಸತೀಶ್ ಕುಮಾರ್ ಮತ್ತು ಇ. ಪಿ. ಮೆನನ್, ಮರುವರ್ಷ ದೆಹಲಿಯ ರಾಜಘಾಟದಿಂದ ಹೊರಟು ಮಾಸ್ಕೊ, ಪ್ಯಾರಿಸ್, ಲಂಡನ್‌ಗಳ ಮೂಲಕ ವಾಷಿಂಗ್ಟನ್‌ವರೆಗೆ, ಕಡಲು ದಾಟುವಾಗಿನ ಹಡಗಿನ ಪಯಣದ ಹೊರತು ಬಹುಪಾಲು ಕಾಲ್ನಡಿಗೆಯಲ್ಲೇ ಸಾಗಿದರು. ಹಣವನ್ನು ಜೊತೆಗೆ ಒಯ್ಯಬಾರದೆಂದು ವಿನೋಬಾ ಭಾವೆ ನೀಡಿದ ಸಲಹೆಯಿಂದಾಗಿ ಅವರು ಪ್ರತಿ ಸಂಜೆ ಯಾರದಾದರೂ ಮನೆಯನ್ನು ಅವಲಂಬಿಸಲೇಬೇಕಾಯಿತು; ಖಾಲಿ ಕಿಸೆಯೇ ಅವರನ್ನು ಜನರ ಬಾಗಿಲಿಗೆ ಕರೆದೊಯ್ದಿತು.

ಅಂತರಜಾಲವು ಬಂದಾಗ ಬದಲಾದದ್ದು ಮುಖ್ಯವಾಗಿ ಜಾಮೀನಿನ ರೂಪ. ಅಮೆರಿಕದ ಕೇಸಿ ಫೆಂಟನ್ 1999ರಲ್ಲಿ ಐಸ್‌ಲ್ಯಾಂಡಿಗೆ ಹೊರಡುವ ಮುನ್ನ ಅಲ್ಲಿನ ವಿಶ್ವವಿದ್ಯಾಲಯದ ಸುಮಾರು 1,500 ವಿದ್ಯಾರ್ಥಿಗಳಿಗೆ ಇಮೇಲ್ ಕಳಿಸಿ ತಂಗಲು ಎಡೆ ಕೇಳಿದಾಗ ಹತ್ತಾರು ಮಂದಿ ಬರಹೇಳಿದರು. ಕೌಚ್‌ಸರ್ಫಿಂಗ್ ಎಂಬ ಜಾಲ ಹುಟ್ಟಿದ್ದು ಈ ಅನುಭವದಿಂದ. ಕೌಚ್ ಎಂದರೆ ಹಾಲಿನಲ್ಲಿ ಹಾಕಿರುವ ಸೋಫಾ, ಸರ್ಫಿಂಗ್ ಎಂದರೆ ಅಲೆಯಿಂದ ಅಲೆಗೆ ಜಾರುತ್ತ ಆಡುವ ಆಟ. ಸೋಫಾದಿಂದ ಸೋಫಾಕ್ಕೆ ಸಾಗುವ ಪ್ರಯಾಣವೆಂಬುದು ಹೆಸರಿನ ಧ್ವನಿ. ಸದಸ್ಯರು ತಮ್ಮ ಪ್ರೊಫೈಲಿನಲ್ಲಿ ಭಾಷೆ, ಉದ್ಯೋಗ, ಆಸಕ್ತಿ, ಮನೆಯ ಜಾಗ, ಸಾಕುಪ್ರಾಣಿ ಮೊದಲಾದವನ್ನು ಬರೆದುಕೊಳ್ಳುತ್ತಾರೆ. ತಂಗಿದ ಬಳಿಕ ಅತಿಥಿ ಅತಿಥೇಯರ ಬಗೆಗೂ ಅತಿಥೇಯರು ಅತಿಥಿಯ ಬಗೆಗೂ ಬರೆಯುವ ಅಭಿಪ್ರಾಯಗಳು ಎಲ್ಲರಿಗೂ ಕಾಣುವಂತೆ ಅಲ್ಲಿಯೇ ಉಳಿಯುತ್ತವೆ. ಆರಂಭದ ವರ್ಷಗಳಲ್ಲಿ ಇದರ ಮೇಲೆ ‘ವೌಚಿಂಗ್’, ಅಂದರೆ ಹೊಣೆ ನಿಲ್ಲುವುದು, ಎಂಬ ಇನ್ನೊಂದು ಪದರವಿತ್ತು: ಮೂವರು ಒಬ್ಬರ ಪರವಾಗಿ ಹೊಣೆ ನಿಂತ ಮೇಲಷ್ಟೆ ಅವರು ಬೇರೆಯವರಿಗೆ ಹೊಣೆ ನಿಲ್ಲಬಹುದಾಗಿದ್ದುದರಿಂದ ನಂಬಿಕೆಯು ಸ್ಥಾಪಕರಿಂದ ಬಳ್ಳಿಯಂತೆ ಹಬ್ಬುತ್ತಿತ್ತು.

ಈ ವಿಧಾನದ ದೌರ್ಬಲ್ಯಗಳು ಬಹುಬೇಗ ಕಾಣಿಸಿಕೊಂಡವು. ಉಂಡ ಮನೆಯ ಬಗ್ಗೆ ಹಗುರವಾಗಿ ಬರೆಯುವುದು ಯಾರಿಗಾದರೂ ಕಷ್ಟ. ಕೆಟ್ಟದಾಗಿ ಬರೆದರೆ ಎದುರಿನವರೂ ಹಾಗೆಯೇ ಬರೆದಾರೆಂಬ ಅಳುಕು ಬೇರೆ. ಅದರಿಂದಾಗಿ ಬಹುಪಾಲು ಅಭಿಪ್ರಾಯಗಳು ಹೊಗಳಿಕೆಯೇ ಆಗಿ, ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದನ್ನು ಓದುವುದು ಅನುಭವಿ ಸದಸ್ಯರ ರೂಢಿಯಾಯಿತು. ಅತಿಥೇಯರೆಂಬ ಹೆಸರಿನಲ್ಲಿ ನಡೆದ ಲೈಂಗಿಕ ದೌರ್ಜನ್ಯದ ಪ್ರಕರಣಗಳು ನ್ಯಾಯಾಲಯದವರೆಗೂ ಹೋಗಿವೆ. ಒಂಟಿಯಾಗಿ ಪ್ರಯಾಣಿಸುವ ಮಹಿಳೆಯರು ಮಹಿಳೆಯರ ಅಥವಾ ಕುಟುಂಬಗಳ ಮನೆಯನ್ನೇ ಆರಿಸುವುದು, ಇಷ್ಟವಾಗದಿದ್ದರೆ ಹೊರಟುಬರಲು ಬದಲಿ ಜಾಗವನ್ನು ಮೊದಲೇ ನೋಡಿಟ್ಟುಕೊಳ್ಳುವುದು ಈ ಸಮುದಾಯಗಳಲ್ಲಿ ಸಾಮಾನ್ಯವಾಗಿ ಹೇಳುವ ಎಚ್ಚರಿಕೆಗಳು. ಬ್ರಿಟನ್ನಿನಲ್ಲಿ 1984ರಲ್ಲಿ ಮಹಿಳೆಯರಿಗೆಂದೇ ಪ್ರತ್ಯೇಕ ಆತಿಥ್ಯ ಬಳಗವೊಂದು ಹುಟ್ಟಿಕೊಂಡಿತೆಂಬುದನ್ನು ಇಲ್ಲಿ ನೆನೆಯಬಹುದು.

ಈ ಬಗೆಯ ವಾಸದಲ್ಲಿ ಬರೆದಿಟ್ಟ ನಿಯಮಗಳಿಗಿಂತ ಬಳಕೆಯ ಮರ್ಯಾದೆಗಳೇ ಹೆಚ್ಚು. ಎಲ್ಲರಿಗೂ ಒಂದೇ ಒಕ್ಕಣೆಯ ಕೋರಿಕೆ ಕಳಿಸದೆ ಅತಿಥೇಯರ ಪ್ರೊಫೈಲನ್ನು ಓದಿ ಬರೆಯುವುದು, ಬರುವ ಹೊರಡುವ ವೇಳೆಯನ್ನು ಖಚಿತವಾಗಿ ತಿಳಿಸುವುದು, ಹೊದಿಕೆಯನ್ನು ತಾನೇ ತರುವುದು, ಒಂದು ಹೊತ್ತಾದರೂ ತನ್ನ ನಾಡಿನ ಅಡುಗೆ ಮಾಡಿ ಬಡಿಸುವುದು ಅತಿಥಿಯ ಪಾಲಿನವು. ಅಡುಗೆಮನೆಯಲ್ಲಿ ಮಾಂಸಕ್ಕೆ ಎಡೆಯಿದೆಯೆ, ಹೊರಗಿನಿಂದ ಬಂದವರಿಗೆ ದೇವರಮನೆಗೆ ಪ್ರವೇಶವಿದೆಯೆ, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯಿದೆಯೆ ಎಂಬುದನ್ನು ಮೊದಲೇ ತಿಳಿಸುವ ಹೊಣೆ ಕರ್ನಾಟಕದಂಥ ಕಡೆ ಅತಿಥೇಯರದು. ಅತಿಥಿ ವಿದೇಶಿಯಾದರೆ ಕಾನೂನಿನ ಕರ್ತವ್ಯವೂ ಇದೆ: ಭಾರತದಲ್ಲಿ ವಿದೇಶಿಯರಿಗೆ ತಂಗಲು ಜಾಗ ಕೊಟ್ಟವರು 24 ಗಂಟೆಗಳೊಳಗೆ ಆ ಸಂಗತಿಯನ್ನು ವಿದೇಶಿಯರ ನೋಂದಣಿ ಅಧಿಕಾರಿಗೆ ತಿಳಿಸಬೇಕು, ಬಹುಕಾಲದಿಂದ ‘ಸಿ ಫಾರಂ’ ಎಂದೇ ಪರಿಚಿತವಾಗಿರುವ ಈ ವರದಿಯ ಹೊಣೆ ಹೋಟೆಲುಗಳಂತೆ ಮನೆಗಳಿಗೂ ಉಂಟು.

ಹಣದ ಪ್ರಶ್ನೆಯು ಮನೆಯೊಳಗೆ ಏಳದಿದ್ದರೂ ಜಾಲವನ್ನು ನಡೆಸುವಲ್ಲಿ ಏಳದೆ ಬಿಡಲಿಲ್ಲ. ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ಸ್ವಯಂಸೇವಕರ ದುಡಿಮೆಯಿಂದ ಬೆಳೆದ ಕೌಚ್‌ಸರ್ಫಿಂಗ್ 2011ರಲ್ಲಿ ಹೂಡಿಕೆದಾರರಿಂದ 76 ಲಕ್ಷ ಡಾಲರ್ ಪಡೆದು ಲಾಭದ ಕಂಪನಿಯಾಯಿತು. ಕೋವಿಡ್ ಕಾಲದಲ್ಲಿ ಪ್ರಯಾಣವೇ ನಿಂತುಹೋದ 2020ರ ಮೇ ತಿಂಗಳಲ್ಲಿ ಅನೇಕ ದೇಶಗಳ ಸದಸ್ಯರಿಗೆ ಶುಲ್ಕ ವಿಧಿಸಿತು. ಸರ್ವರ್‌ಗಳಿಗೂ ಸಿಬ್ಬಂದಿಗೂ ಹಣ ಬೇಕೆಂಬುದು ಕಂಪನಿಯ ವಾದವಾದರೆ, ತಾವು ಬರೆದ ಅಭಿಪ್ರಾಯಗಳನ್ನೂ ಕಟ್ಟಿದ ಗೆಳೆತನಗಳನ್ನೂ ಕಾಣಲು ತಾವೇ ದುಡ್ಡು ಕೊಡಬೇಕೆ ಎಂಬುದು ಅನೇಕ ಸದಸ್ಯರ ತಕರಾರು. ಫ್ರಾನ್ಸಿನಲ್ಲಿ ನೋಂದಾಯಿತವಾದ ಸಂಘವೊಂದು 2007ರಿಂದ ನಡೆಸುತ್ತಿರುವ ಬಿವೆಲ್ಕಮ್, 2014ರಲ್ಲಿ ಆರಂಭವಾದ ಟ್ರಸ್ಟ್‌ರೂಟ್ಸ್, ಶುಲ್ಕದ ಬಳಿಕ ಹುಟ್ಟಿದ ಕೌಚರ್ಸ್ ಇವು ಸ್ವಯಂಸೇವೆಯ ಹಾದಿಯನ್ನು ಹಿಡಿದಿವೆ. ಏರ್‌ಬಿಎನ್‌ಬಿಯಂಥ ಬಾಡಿಗೆ ಜಾಲಗಳು ಮನೆಯ ಕೋಣೆಯನ್ನು ಸರಕಾಗಿಸಿದ ಕಾಲದಲ್ಲಿ ಈ ಚಿಕ್ಕ ಬಳಗಗಳು ಉಳಿದಿರುವುದು ಗಮನಾರ್ಹ. ದುಡ್ಡು ಕೊಟ್ಟ ಅತಿಥಿಗೆ ಕೋಣೆ ಹೀಗಿರಬೇಕೆಂದು ಕೇಳುವ ಹಕ್ಕು ಬರುತ್ತದೆ. ಕೊಡದವನಿಗೆ ಮನೆಯವರೊಡನೆ ಕುಳಿತು ಮಾತನಾಡುವ ಹೊಣೆ ಬರುತ್ತದೆ.

ಸಂದರ್ಶನ, ಭಾಷೆ, ಸೈಕಲ್ಲು, ಮುಂಚೆ ಉಳಿದವರ ಮಾತು ಹೀಗೆ ಜಾಮೀನಿನ ರೂಪಗಳು ಬದಲಾದರೂ ಇವೆಲ್ಲವೂ ಒಬ್ಬ ವ್ಯಕ್ತಿ ತಾನೇ ಗಳಿಸಿಕೊಳ್ಳಬಹುದಾದವು. ಹುಟ್ಟಿನಿಂದ ಬರುವಂಥವು ಅಲ್ಲ. ಆದರೂ ಇಂಗ್ಲಿಷ್ ಬಲ್ಲ, ಪಾಸ್‌ಪೋರ್ಟ್ ಹೊಂದಿದ, ಮನೆಯಲ್ಲೊಂದು ಕೋಣೆ ಮಿಗುವ ವರ್ಗಕ್ಕೆ ಇವನ್ನು ಗಳಿಸುವುದು ಸುಲಭವೆಂಬುದನ್ನೂ, ಒಂದೂ ಅಭಿಪ್ರಾಯವಿಲ್ಲದ ಹೊಸಬರಿಗೆ ಮೊದಲ ಬಾಗಿಲು ತೆರೆಯುವುದು ಕಷ್ಟವೆಂಬುದನ್ನೂ ಮರೆಯುವಂತಿಲ್ಲ. ಪ್ರಶ್ನೆ ಇಂದಿಗೂ ‘ಯಾರ ಪೈಕಿ’ ಎಂಬುದೇ. ಯಾರ ಪೈಕಿಯೂ ಅಲ್ಲದವರನ್ನು ಮೊದಲ ಸಲ ಒಳಕ್ಕೆ ಕರೆದು, ಅವರ ಬಗ್ಗೆ ನಾಲ್ಕು ಸಾಲು ಬರೆದು ಕಳಿಸುವ ಒಬ್ಬ ಅತಿಥೇಯರು ಎಲ್ಲಿಯಾದರೂ ಇರುವವರೆಗೆ ಮಾತ್ರ ಆ ಪ್ರಶ್ನೆಗೆ ಈ ಸಮುದಾಯಗಳು ಕೊಟ್ಟ ಉತ್ತರ ನಿಲ್ಲುತ್ತದೆ.