ಫೋನು ಚಾರ್ಜ್ ಬೇಡವೆನ್ನುವಾಗ

ಪ್ಲಗ್ಗಿಗೆ ಹಾಕಿದ ಕೂಡಲೇ ಕರೆಂಟು ಫೋನಿನೊಳಗೆ ಹರಿಯುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಈಗಿನ ಟೈಪ್-ಸಿ ಫೋನುಗಳಲ್ಲಿ ಅಷ್ಟು ಸಲೀಸಲ್ಲ. ಎರಡೂ ತುದಿಯಲ್ಲಿ ಟೈಪ್-ಸಿ ಇರುವ ಕೇಬಲ್ ಸಿಕ್ಕಿಸಿದಾಗ ಚಾರ್ಜರು ಮೊದಲು ಆಚೆ ತುದಿಯಲ್ಲಿ ಯಾವುದಾದರೂ ಉಪಕರಣ ಇದೆಯೇ ಎಂದು ಪರೀಕ್ಷಿಸುತ್ತದೆ. ಫೋನಿನೊಳಗಿರುವ 5.1 ಕಿಲೋ ಓಮ್‌ನ ಪುಟ್ಟ ರೆಸಿಸ್ಟರ್ ಅದರ ಅರಿವಿಗೆ ಬಂದರೆ ಮಾತ್ರ 5 ವೋಲ್ಟ್ ಬಿಡುತ್ತದೆ. ವೇಗದ ಚಾರ್ಜಿಂಗ್‌ಗೆ ಹೆಚ್ಚು ವೋಲ್ಟ್ ಬೇಕೇ ಎಂಬ ಮಾತುಕತೆ ಆಮೇಲಿನದು.

ಆದ್ದರಿಂದ ಬೇರೆ ಕೇಬಲ್, ಬೇರೆ ಅಡಾಪ್ಟರ್ ಹಾಕಿ ನೋಡಿದ ಮೇಲೂ ಫೋನು ಅಲುಗಾಡದಿದ್ದರೆ ಟಾರ್ಚ್ ಹಿಡಿದು ಚಾರ್ಜಿಂಗ್ ತೂತಿನೊಳಗೆ ಇಣುಕಿ. ಜೇಬಿನ ಬಟ್ಟೆಯ ನಾರು ಅಲ್ಲಿ ಸೇರಿ, ಪ್ರತಿಸಲ ಪಿನ್ನು ಒತ್ತಿದಾಗಲೂ ತಳಕ್ಕೆ ಅದುಮಿಕೊಂಡು ಗಟ್ಟಿಯಾಗಿರುತ್ತದೆ. ಪಿನ್ನು ಕೊನೆಯವರೆಗೂ ಇಳಿಯುವುದಿಲ್ಲ, ಕೇಬಲ್ ಓರೆ ಮಾಡಿದರೆ ಮಾತ್ರ ಚಾರ್ಜ್ ಆಗುತ್ತದೆ. ಫೋನು ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಸೂಜಿ, ಸೇಫ್ಟಿ ಪಿನ್ನು ಬೇಡವೇ ಬೇಡ. ಒಳಗಿನ ಸಂಪರ್ಕಗಳ ನಡುವಿನ ಅಂತರ ಅರ್ಧ ಮಿಲಿಮೀಟರು ಅಷ್ಟೇ.

ಮಳೆಗಾಲದಲ್ಲಿ ಕಾರಣ ಬೇರೆ. ತೂತಿನಲ್ಲಿ ತೇವವಿದ್ದರೆ ಅನೇಕ ಫೋನುಗಳು ಎಚ್ಚರಿಕೆ ತೋರಿಸಿ ಚಾರ್ಜಿಂಗ್ ತಡೆಯುತ್ತವೆ. ಒದ್ದೆಯ ಲೋಹದಲ್ಲಿ ಕರೆಂಟು ಹರಿದರೆ ಸಂಪರ್ಕಗಳು ಬೇಗ ಸವೆದುಹೋಗುತ್ತವೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಉಪಾಯ ನನಗೆ ಒಪ್ಪಿಗೆಯಿಲ್ಲ, ಅಕ್ಕಿಯ ಹುಡಿಯೇ ಒಳಸೇರುತ್ತದೆ. ತೂತು ಕೆಳಮುಖವಾಗಿರುವಂತೆ ಗಾಳಿಯಾಡುವ ಕಡೆ ಇಟ್ಟರೆ ಸಾಕು.

ಇನ್ನು ಬ್ಯಾಟರಿ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸಾಮಾನ್ಯವಾಗಿ 0ಯಿಂದ 45 ಡಿಗ್ರಿ ಸೆಲ್ಸಿಯಸ್ ಒಳಗೆ ಚಾರ್ಜ್ ಮಾಡಬೇಕು. ತೀರಾ ಚಳಿಯಲ್ಲಿ ಲಿಥಿಯಂ ಬ್ಯಾಟರಿಯೊಳಗಿನ ಗ್ರಾಫೈಟ್ ಪದರಕ್ಕೆ ಇಳಿಯಲಾರದೆ ಮೇಲೆಯೇ ಲೋಹವಾಗಿ ಕೂರುತ್ತದೆ. ಬಿಸಿಲಿನಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲಿದ್ದ ಫೋನು ಚಾರ್ಜ್ ತೆಗೆದುಕೊಳ್ಳದಿದ್ದರೆ ಅದನ್ನು ನೆರಳಿಗೆ ತಂದು ಕಾಯಿರಿ.

ತಿಂಗಳುಗಟ್ಟಲೆ ಬೀರುವಿನಲ್ಲಿ ಬಿದ್ದಿದ್ದ ಫೋನಿನದು ಇನ್ನೂ ಸೂಕ್ಷ್ಮ ಸಂಗತಿ. ಬ್ಯಾಟರಿ ಸುಮಾರು 3 ವೋಲ್ಟಿಗಿಂತ ಕೆಳಗಿಳಿದಿದ್ದರೆ ಒಳಗಿನ ಸರ್ಕ್ಯೂಟ್ ಹನಿಹನಿಯಾಗಿ ಮಾತ್ರ ಕರೆಂಟು ಬಿಡುತ್ತದೆ. ಪರದೆ ಅರ್ಧ ಗಂಟೆ ಕಪ್ಪಗೇ ಇದ್ದರೂ ತಾಳ್ಮೆ ಇರಲಿ. ವೋಲ್ಟೇಜ್ ಇನ್ನೂ ಕುಸಿದು ಹಾಗೇ ಉಳಿದರೆ ಬ್ಯಾಟರಿಯೊಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡುವಾಗ ಆ ತಾಮ್ರ ಬೇರೆಡೆ ಕೂತು ಒಳಗೊಳಗೇ ಶಾರ್ಟ್ ಸರ್ಕ್ಯೂಟ್ ಮಾಡಬಲ್ಲದು. ಅಂಥ ಬ್ಯಾಟರಿಗೆ ಹೊರಗಿನಿಂದ ಕರೆಂಟು ಕೊಟ್ಟು ಎಬ್ಬಿಸುತ್ತೇನೆ ಎನ್ನುವ ರಿಪೇರಿಯವರಿದ್ದಾರೆ. ಒಪ್ಪಬೇಡಿ, ಹೊಸದು ಹಾಕಿಸಿ.

ಫೋನಿನ ಬೆನ್ನು ಉಬ್ಬಿದ್ದರೆ, ಪರದೆ ಅಂಚಿನಲ್ಲಿ ಎದ್ದಿದ್ದರೆ, ಯಾವ ಪರೀಕ್ಷೆಯನ್ನೂ ಮಾಡದೆ ಚಾರ್ಜರ್ ಕಿತ್ತುಬಿಡಿ. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಮನೆಯ ಕಸದ ಜೊತೆ ಹಾಕಲೂಬಾರದು. ಕಸದ ಲಾರಿಯಲ್ಲಿ ಅದುಮಿದಾಗ ಅದು ಹೊತ್ತಿಕೊಳ್ಳಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ವಿಲೇವಾರಿಯ ಹೊಣೆ ತಯಾರಕರದು. ಆ ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದು ಕೇಳಿ.