ಸ್ಥಳೀಯ ಜಾಲದಾಚೆಗೆ ಪ್ಯಾಕೆಟ್‌ಗಳ ಮಾರ್ಗನಿರ್ಣಯ
ಗಮ್ಯ ವಿಳಾಸವು ಸ್ಥಳೀಯ ಜಾಲಕ್ಕೆ ಸೇರದಿದ್ದಲ್ಲಿ ಗಣಕವು ಪ್ಯಾಕೆಟ್ಟನ್ನು ರೂಟರಿಗೆ ಒಪ್ಪಿಸುತ್ತದೆ. ರೂಟರು ಇಡೀ ದಾರಿಯನ್ನು ಅರಿತಿರುವುದಿಲ್ಲ. ಮುಂದಿನ ಒಂದು ನೆಲೆಯಷ್ಟೇ ಅದರ ಕೋಷ್ಟಕದಲ್ಲಿರುತ್ತದೆ. ಒಂದೇ ವಿಳಾಸಕ್ಕೆ ಎರಡು ನಮೂದುಗಳು ಹೊಂದಿದಾಗ ಹೆಚ್ಚು ನಿರ್ದಿಷ್ಟವಾದುದನ್ನೇ ಅದು ಆರಿಸುತ್ತದೆ.

ಈ ಕೋಷ್ಟಕಗಳಿಗೆ ಬೇಕಾದ ಮಾಹಿತಿಯನ್ನು ದೊಡ್ಡ ಜಾಲಗಳು ಬಿಜಿಪಿ ಎಂಬ ನಿಯಮಾವಳಿಯಂತೆ ಪರಸ್ಪರ ಘೋಷಿಸುತ್ತವೆ. ಘೋಷಣೆಯ ಸತ್ಯಾಸತ್ಯತೆಯನ್ನು ಪರೀಕ್ಷಿಸುವ ಏರ್ಪಾಡು ಮೂಲ ಬಿಜಿಪಿಯಲ್ಲಿರಲಿಲ್ಲ. ಇದರ ಪರಿಣಾಮ 2008ರ ಫೆಬ್ರವರಿ 24ರಂದು ಕಂಡಿತು. ಯೂಟ್ಯೂಬನ್ನು ದೇಶದೊಳಗೆ ತಡೆಯಬೇಕೆಂಬ ಸರ್ಕಾರಿ ಆದೇಶದ ಮೇರೆಗೆ ಪಾಕಿಸ್ತಾನ್ ಟೆಲಿಕಾಂ ಅದರ 256 ವಿಳಾಸಗಳನ್ನು ತನ್ನವೆಂಬಂತೆ ಘೋಷಿಸಿತು. ದೇಶದೊಳಗೇ ಉಳಿಯಬೇಕಾಗಿದ್ದ ಆ ಘೋಷಣೆ ಹಾಂಗ್‌ಕಾಂಗಿನ ಪಿಸಿಸಿಡಬ್ಲ್ಯು ಸಂಸ್ಥೆಯ ಜಾಲದ ಮೂಲಕ ಜಗತ್ತಿಗೆ ಹರಡಿತು. ಯೂಟ್ಯೂಬ್ ಘೋಷಿಸಿದ್ದು 1024 ವಿಳಾಸಗಳ ಗುಂಪನ್ನು. ರೂಟರುಗಳು ನಿಯಮದಂತೆ ಕಿರಿದಾದುದನ್ನೇ ಆರಿಸಿದವು. ಸುಮಾರು ಎರಡು ಗಂಟೆಗಳ ಕಾಲ ಜಗತ್ತಿನ ಅನೇಕ ಕಡೆ ಯೂಟ್ಯೂಬ್ ದೊರೆಯದಾಯಿತು. ಕೆಟ್ಟ ಯಂತ್ರ ಒಂದೂ ಇರಲಿಲ್ಲವೆಂಬುದೇ ಇಲ್ಲಿ ಗಮನಾರ್ಹ. ಯೂಟ್ಯೂಬ್ ಅದೇ ನಿಯಮವನ್ನು ಬಳಸಿ, ಮೊದಲು 256ರ, ಬಳಿಕ 128ರ ಗುಂಪುಗಳನ್ನು ಘೋಷಿಸಿ ದಾರಿಯನ್ನು ಮರಳಿ ಪಡೆಯತೊಡಗಿತು; ಅನಂತರ ಪಿಸಿಸಿಡಬ್ಲ್ಯು ತಪ್ಪು ಘೋಷಣೆಯನ್ನು ಹಿಂತೆಗೆಯಿತು.

ಯಾವ ಜಾಲವು ಯಾವ ವಿಳಾಸಗಳನ್ನು ಘೋಷಿಸಬಹುದೆಂಬುದನ್ನು ಸಹಿಯೊಡನೆ ದೃಢೀಕರಿಸುವ ಆರ್‌ಪಿಕೆಐ ವ್ಯವಸ್ಥೆ ಆಮೇಲೆ ಬಳಕೆಗೆ ಬಂದಿತು. ಅದರಿಂದ ನಡೆಯುವುದು ಘೋಷಣೆಯ ಮೂಲದ ಪರಿಶೀಲನೆ ಮಾತ್ರ, ನಡುವಿನ ದಾರಿಯದಲ್ಲ.